ಮೂರು ಪ್ರೊಜೆಕ್ಟರ್, ಒಂದು ಚಿತ್ರ, ಎರಡು ಹೊಲಿಗೆ

ಬ್ಲಾಗಿಗೆ ಧೂಳು ಹಿಡಿದು ತುಂಬ ದಿನ ಆಗಿತ್ತು. ಇವತ್ತು ಒರೆಸೋಕೆ ಒಂದು ನೆಪ ಸಿಕ್ಕಿದೆ. ನೆಪ ಅನ್ನೋದಕ್ಕಿಂತ ಒಂದು ಅವಮಾನ ಅನ್ನಿ.

ಗೆಳೆಯನೊಬ್ಬನ ಕಾರ್ಯಕ್ರಮಕ್ಕೆ ಅಗಲವಾದ ಪರದೆಯ ಮೇಲೆ ಮೂರು ಪ್ರೊಜೆಕ್ಟರುಗಳಿಂದ ಒಂದೇ ಉದ್ದದ ಚಿತ್ರ ಮೂಡಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಹಿಂದಿನ ರಾತ್ರಿ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಯಾರೋ ಗುಡಿಸುವಾಗ ಒಂದು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ್ದಾರೆ. ಕಂಪ್ಯೂಟರ್ ತನ್ನ ಪಾಡಿಗೆ ಪರದೆಗಳಿಗೆ ಹೊಸದಾಗಿ ನಂಬರ್ ಕೊಟ್ಟುಕೊಂಡಿದೆ. ದೀಪ ಆರಿತು, ಚಿತ್ರ ಬಂತು... ಬೆಟ್ಟದ ಸಾಲಿನ ಬಾಲ ಎಡಕ್ಕೆ, ತಲೆ ನಡುವಿಗೆ! ಸಭೆ ಗೊಳ್ಳೆಂದಿತು. ಆಮೇಲೆ ಸರಿ ಮಾಡಿದೆ ಬಿಡಿ. ಅಲ್ಲಿದ್ದ ಹಿರಿಯ ಎಲೆಕ್ಟ್ರಿಷಿಯನ್ ಮಾತ್ರ ಒಂದೇ ಮಾತು ಹೇಳಿದರು: "ಮೂರಕ್ಕೂ ಒಂದೊಂದು ಹೆಸರು ಬರೆದು ಅಂಟಿಸಬೇಕಿತ್ತು ಸಾರ್."

ಆ ಮಾತು ಹಿಡಿದುಕೊಂಡು ಹಿಂದಕ್ಕೆ ಹೋದರೆ ಸಿಕ್ಕಿದ ಕಥೆ ಇದು.

ಫ್ರೆಂಚ್ ನಿರ್ದೇಶಕ ಅಬೆಲ್ ಗಾನ್ಸ್ 1927ರ ಏಪ್ರಿಲ್ 7ರಂದು ಪ್ಯಾರಿಸ್ಸಿನ ಒಪೆರಾದಲ್ಲಿ ತನ್ನ 'ನೆಪೋಲಿಯನ್' ಮೂಕಿ ಚಿತ್ರ ತೋರಿಸಿದ. ಕೊನೆಯ ಭಾಗಕ್ಕೆ ಬರುತ್ತಲೇ ಪರದೆ ಮೂರು ಪಟ್ಟು ಅಗಲವಾಯಿತು, ಮೂರು ಪ್ರೊಜೆಕ್ಟರ್ ಒಟ್ಟಿಗೆ ಓಡಿದವು. ಕೆಲವೆಡೆ ಮೂರೂ ಸೇರಿ ಒಂದೇ ಬಯಲು, ಸೈನ್ಯ. ಕೆಲವೆಡೆ ನಡುವೆ ಒಂದು, ಅಕ್ಕಪಕ್ಕ ಬೇರೆಯೇ ಚಿತ್ರ. ಕಟ್ಟಕಡೆಗೆ ನೀಲಿ, ಬಿಳಿ, ಕೆಂಪು - ಪರದೆಯೇ ಫ್ರೆಂಚ್ ಬಾವುಟ. ಗಾನ್ಸನ ಜಾಣತನ ನೋಡಿ: ಹೊಲಿಗೆ ಕಂಡರೂ ಅವನಿಗೆ ಅಷ್ಟು ನಷ್ಟವಿಲ್ಲ. ಮೂರು ಬೇರೆ ಚಿತ್ರಗಳ ನಡುವೆ ಗೆರೆ ಇದ್ದರೇನಂತೆ? ಆದರೆ ಮೂರು ಯಂತ್ರ, ಮೂರು ಪರದೆ ಎಷ್ಟು ಚಿತ್ರಮಂದಿರಗಳಿಗೆ ಎಟುಕೀತು? ಅದೇ ವರ್ಷ ಅಮೆರಿಕದಲ್ಲಿ ಮಾತಿನ ಚಿತ್ರ ಬಂತು, ಎಲ್ಲರ ದುಡ್ಡೂ ಧ್ವನಿಯ ಕಡೆ ಹರಿಯಿತು.

ಎರಡನೆಯವನು ಅಮೆರಿಕದ ಫ್ರೆಡ್ ವಾಲರ್. ನೀರಿನ ಮೇಲೆ ಜಾರುವ ಸ್ಕೀಗೆ 1925ರಲ್ಲಿ ಪೇಟೆಂಟ್ ಪಡೆದ ಮಹಾನುಭಾವ ಇವನೇ! ಇವನ ತಲೆಯಲ್ಲಿದ್ದದ್ದು ಕಣ್ಣಿನ ಅಂಚು. ನೇರ ನೋಡುವಾಗಲೂ ನಮಗೆ ಅಕ್ಕಪಕ್ಕದ್ದು ಮಸುಕಾಗಿ ಕಾಣುತ್ತದಲ್ಲ, ಪರದೆ ಆ ಅಂಚನ್ನೂ ತುಂಬಿದರೆ ನೋಡುವವನಿಗೆ ತಾನೇ ಅಲ್ಲಿದ್ದ ಹಾಗೆ ಅನಿಸುತ್ತದೆ ಎಂಬುದು ಅವನ ಲೆಕ್ಕ. ಮೊದಲು ಹನ್ನೊಂದು ಪ್ರೊಜೆಕ್ಟರುಗಳ ಒಂದು ವ್ಯವಸ್ಥೆ ಕಟ್ಟಿದ. ಎರಡನೇ ಮಹಾಯುದ್ಧದಲ್ಲಿ ಅದು ಐದಕ್ಕೆ ಇಳಿದು, ವಿಮಾನದ ಗನ್ನರುಗಳಿಗೆ ಗುರಿ ಕಲಿಸುವ ಯಂತ್ರವಾಯಿತು. ಯುದ್ಧ ಮುಗಿದ ಮೇಲೆ ಐದು ಮೂರಾಯಿತು. ಅದೇ ಸಿನೆರಾಮಾ. 1952ರ ಸೆಪ್ಟೆಂಬರ್ 30, ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರ್. ಮೊದಲು ಸಣ್ಣ ಚೌಕದಲ್ಲಿ ಕಪ್ಪು-ಬಿಳುಪು ಪೀಠಿಕೆ. ಆಮೇಲೆ ಪರದೆ ಸರಿದು ಸರಿದು 146 ಡಿಗ್ರಿ ಬಾಗಿದ ತೆರೆ ಬಿಚ್ಚಿಕೊಂಡಿತು. ಜನ ರೋಲರ್ ಕೋಸ್ಟರಿನಲ್ಲಿ ಕೂತಿದ್ದರು!

ನನಗೆ ಹಬ್ಬವಾದದ್ದು ಮಾತ್ರ ಪರದೆಯ ಹಿಂದುಮುಂದಿನ ವಿವರಗಳು. ಮೂರು ಪ್ರೊಜೆಕ್ಟರುಗಳಿಗೆ ಮೂರು ಕೋಣೆ. ಅವಕ್ಕೆ ಹೆಸರು ಏಬಲ್, ಬೇಕರ್, ಚಾರ್ಲಿ. (ನಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಇದನ್ನೇ ತಾನೆ?) ಎಡಗಡೆಯ ಕೋಣೆಯ ಬೆಳಕು ಬೀಳುತ್ತಿದ್ದದ್ದು ಬಲಗಡೆಯ ತೆರೆಗೆ, ಬಲಗಡೆಯದ್ದು ಎಡಕ್ಕೆ. ತೆರೆ ಬಾಗಿರುವುದರಿಂದ ಎದುರು ಕೋಣೆಯಿಂದ ಬಂದರೇ ಬೆಳಕು ನೇರ ಬೀಳೋದು. ನಾನು ತಪ್ಪಿ ಮಾಡಿದ ಅದಲುಬದಲನ್ನು ಅವರು ಬೇಕೆಂದೇ ಮಾಡಿದ್ದರು! ಬಾಗಿದ ತೆರೆಯ ಒಂದು ಪಕ್ಕದ ಬೆಳಕು ಪ್ರತಿಫಲಿಸಿ ಇನ್ನೊಂದು ಪಕ್ಕವನ್ನು ಪೇಲವ ಮಾಡದಿರಲೆಂದು ತೆರೆಯನ್ನೇ ನೂರಾರು ಲಂಬ ಪಟ್ಟಿಗಳಾಗಿ ಸೀಳಿ, ಓರೆಯಾಗಿ ನಿಲ್ಲಿಸಿದ್ದರು.

ಹೊಲಿಗೆ? ಫಿಲ್ಮಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲಿನ ಸಣ್ಣ ಪಟ್ಟಿ ಮೇಲೆ ಕೆಳಗೆ ಬಿರುಸಾಗಿ ಅಲುಗುತ್ತಿತ್ತು. ಅಂಚು ಮಸುಕಾಗಿ ಒಂದರೊಳಗೊಂದು ಕರಗಲಿ ಅಂತ. ಆದರೂ ಗೆರೆ ಕಾಣುತ್ತಿತ್ತು. ಕಥೆಯ ಚಿತ್ರ ತೆಗೆಯಲು ಹೊರಟಾಗ ಕಷ್ಟ ಗೊತ್ತಾಯಿತು. 1962ರ 'ಹೌ ದ ವೆಸ್ಟ್ ವಾಸ್ ವನ್' ಚಿತ್ರದಲ್ಲಿ ಗೆರೆ ಬೀಳುವಲ್ಲಿ ಮರವನ್ನೋ ಕಂಬವನ್ನೋ ನಿಲ್ಲಿಸಿದರು. ಬೇರೆ ಬೇರೆ ಭಾಗದಲ್ಲಿ ನಿಂತ ನಟರು ಒಬ್ಬರನ್ನೊಬ್ಬರು ನೇರ ನೋಡಿದರೆ ತೆರೆಯ ಮೇಲೆ ನೋಟ ಬೇರೆಲ್ಲೋ ಹೋದಂತೆ ಕಾಣುತ್ತಿತ್ತು. ಹಾಗಾಗಿ ಬೇರೆಲ್ಲೋ ನೋಡುತ್ತ ನಟಿಸಬೇಕಿತ್ತು, ಪಾಪ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಮೂರರಲ್ಲಿ ಒಂದು ಫಿಲ್ಮ್ ಹರಿದು ಹತ್ತು ಚೌಕ ಹಾಳಾದರೆ, ಅಲ್ಲಿ ಹತ್ತು ಕಪ್ಪು ಚೌಕ ಅಂಟಿಸಬೇಕಿತ್ತು. ಸುಮ್ಮನೆ ಕತ್ತರಿಸಿ ಜೋಡಿಸಿದರೆ ಆ ಪಟ್ಟಿ ಮುಂದೆ ಓಡಿಬಿಡುತ್ತದೆ, ಕೊನೆಯವರೆಗೂ ಮೂರು ಸೇರುವುದಿಲ್ಲ. ಸೆಕೆಂಡಿಗೆ 26 ಚೌಕ ಓಡುವಲ್ಲಿ ಆ ಕತ್ತಲೆ ಅರ್ಧ ಸೆಕೆಂಡೂ ಇಲ್ಲ. ಕಳೆದುಹೋದದ್ದರ ಜಾಗವನ್ನು ಖಾಲಿಯಾಗಿಯೇ ಕಾಯ್ದಿಟ್ಟರೆ ಮಾತ್ರ ಉಳಿದವು ಒಟ್ಟಿಗಿರುತ್ತವೆ.

1963ರ ಹೊತ್ತಿಗೆ ಸಿನೆರಾಮಾದವರೇ ಮೂರು ಪಟ್ಟಿ ಬಿಟ್ಟು ಒಂದೇ 70 ಮಿಮೀ ಫಿಲ್ಮಿಗೆ ಬಂದರು. 1967ರ ಮಾಂಟ್ರಿಯಲ್ ಎಕ್ಸ್‌ಪೋದಲ್ಲಿ ಹಲವು ಪರದೆಗಳ ಚಿತ್ರ ಮಾಡಿದ ಕೆನಡಾದ ಗ್ರೇಮ್ ಫರ್ಗುಸನ್, ರೋಮನ್ ಕ್ರಾಯ್ಟರ್ ಕೂಡ ಇದೇ ದಾರಿ ಹಿಡಿದರು. ಹಲವು ಯಂತ್ರಗಳ ರಗಳೆಯೇ ಬೇಡ, ಒಂದೇ ಭಾರೀ ಯಂತ್ರ ಸಾಕು ಅಂತ. ಅದು ಐಮ್ಯಾಕ್ಸ್ ಆಗಿ 1970ರಲ್ಲಿ ಒಸಾಕಾದಲ್ಲಿ ಕಣ್ಣುಬಿಟ್ಟಿತು. ಹೊಲಿಗೆಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಕಂಪ್ಯೂಟರ್ ಬಂದು ಮತ್ತೆ ಶುರು ಮಾಡಿತು. 1992ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ಗೋಡೆ, ನೆಲಗಳ ಮೇಲೆಲ್ಲ ಪ್ರೊಜೆಕ್ಟರ್ ಬಿಟ್ಟು 'ಕೇವ್' ಎಂಬ ಕೋಣೆಯನ್ನೇ ಕಟ್ಟಿ ತೋರಿಸಿದರು.

ಈಗಿನ ಮೀಡಿಯಾ ಸರ್ವರ್ ತಂತ್ರಾಂಶ ಮಾಡುವುದೂ ವಾಲರನ ಕೆಲಸವನ್ನೇ. ಮೊದಲು ಒಂದು ಉದ್ದದ ಕ್ಯಾನ್ವಾಸ್. ಅದರಿಂದ ಪ್ರತಿ ಔಟ್‌ಪುಟ್ಟಿಗೆ ಒಂದು ತುಂಡು. ಮೂರು ಪ್ರೊಜೆಕ್ಟರ್ 1920 ಪಿಕ್ಸೆಲಿನವು ಅಂದರೆ 5760 ಅಗಲ ಅಂದುಕೊಳ್ಳಬೇಡಿ. ಪ್ರತಿ ಹೊಲಿಗೆಯಲ್ಲೂ 240 ಪಿಕ್ಸೆಲ್ ಒಂದರ ಮೇಲೊಂದು ಹಾಸಿದರೆ ಉಳಿಯುವುದು 5280. ಹಾಸಿದ ಜಾಗದಲ್ಲಿ ಒಂದರ ಬೆಳಕು ಮೆಲ್ಲಗೆ ಇಳಿಯುತ್ತ ಹೋಗಬೇಕು, ಇನ್ನೊಂದರದ್ದು ಏರುತ್ತ ಬರಬೇಕು. ಬಾಚಣಿಗೆ ಮಾಡುತ್ತಿದ್ದದ್ದು ಅದೇ! ಆದರೂ ರಾತ್ರಿಯ ದೃಶ್ಯದಲ್ಲಿ ಗುಟ್ಟು ರಟ್ಟಾಗುತ್ತದೆ. ಪ್ರೊಜೆಕ್ಟರಿನ ಕಪ್ಪು ಪೂರ್ತಿ ಕಪ್ಪಲ್ಲ, ಎರಡು ಸೇರಿದಲ್ಲಿ ಬೂದು ಪಟ್ಟಿ ಎದ್ದು ಕಾಣುತ್ತದೆ. ಅದಕ್ಕೆ ಮಿಕ್ಕ ಜಾಗದ ಕಪ್ಪನ್ನೇ ಒಂಚೂರು ಏರಿಸಿ ಸಮ ಮಾಡುತ್ತಾರೆ. ಮೂರೂ ಔಟ್‌ಪುಟ್ ಒಂದೇ ತಾಳಕ್ಕೆ ಓಡದಿದ್ದರೆ, ಹಾದುಹೋಗುವ ಬಸ್ಸು ಹೊಲಿಗೆಯಲ್ಲಿ ಮುರಿದಂತೆ ಕಾಣುತ್ತದೆ.

ಇಷ್ಟೆಲ್ಲ ಓದಿದ ಮೇಲೆ ನಾನು ಮಾಡಿದ್ದು ಎರಡೇ ಕೆಲಸ. ಮೂರು ಕೇಬಲ್ಲಿಗೂ ಎರಡೂ ತುದಿಯಲ್ಲಿ ಚೀಟಿ ಅಂಟಿಸಿದೆ: ಎಡ, ನಡು, ಬಲ. ಜತೆಗೆ ಪ್ರತಿ ತುಂಡಿನ ಮೇಲೂ ಅದೇ ಹೆಸರು ದಪ್ಪಕ್ಷರದಲ್ಲಿ ಬರುವ ಒಂದು ಪರೀಕ್ಷಾ ಚಿತ್ರ ಮಾಡಿಟ್ಟುಕೊಂಡೆ. ಇನ್ನು ಮೇಲೆ ಜನ ಒಳಗೆ ಬರುವ ಮುಂಚೆ ಅದು ಒಮ್ಮೆ ತೆರೆಗೆ ಬರಲೇಬೇಕು. ಎಲೆಕ್ಟ್ರಿಷಿಯನ್ ಅವರಿಗೆ ಚೀಟಿ ತೋರಿಸಿದೆ. ತಲೆ ಎತ್ತಿ ನೋಡಿ, "ಟೇಪ್ ಇನ್ನೊಂದು ಸುತ್ತು ಹಾಕಿ ಸಾರ್, ಬಿಸಿಗೆ ಕಿತ್ತುಬರುತ್ತೆ" ಅಂದರು.

ಹಾಕಿದೆ.