ನಿಮ್ಮ ಸರ್‌ನೇಮಿಗೆ ಲಾಂಛನ ಇದೆಯಾ?

ಬಂಗಾರಪೇಟೆಯ ಹಳೇ ಹೆಸರು ಗೊತ್ತಾ? ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಸರ್‌ನೇಮ್ ಅದು. ಕೆಜಿಎಫ್ ಕಡೆ ಹೋದ್ರೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಗಣಿ ನಡೆಸಿದ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್. ಎಲ್ಲೆಲ್ಲೂ ಇಂಗ್ಲಿಷ್ ಸರ್‌ನೇಮ್‌ಗಳೇ.

ಈಗ ಆನ್‌ಲೈನ್‌ನಲ್ಲಿ ಇಂಥ ಸರ್‌ನೇಮ್ ಟೈಪ್ ಮಾಡಿದ್ರೆ, ಗುರಾಣಿ, ಸಿಂಹ ಇರೋ 'ಕುಟುಂಬ ಲಾಂಛನ'ವನ್ನ ಮಗ್ ಮೇಲೆ ಪ್ರಿಂಟ್ ಹಾಕಿ ಮಾರ್ತಾರೆ. ಆದ್ರೆ ಇಂಗ್ಲೆಂಡಿನ ನಿಯಮದಲ್ಲಿ ಸರ್‌ನೇಮಿಗೆ ಲಾಂಛನವೇ ಇಲ್ಲ. ಅದು ಒಬ್ಬ ವ್ಯಕ್ತಿಗೆ ಸಿಗುತ್ತೆ, ಆಮೇಲೆ ಅವನ ನೇರ ವಂಶಕ್ಕೆ. ಕೊಡೋದು 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್. ಟೇಲರ್ ಅಂದ್ರೆ ಬಟ್ಟೆ ಹೊಲಿಯೋರು. ಊರೂರಲ್ಲೂ ಇದ್ದ ದರ್ಜಿಗಳ ವಂಶಕ್ಕೆಲ್ಲ ಒಂದೇ ಲಾಂಛನ ಹೇಗಿರುತ್ತೆ?

ನಮ್ಮ ಗಂಡಭೇರುಂಡವನ್ನೇ ನೋಡಿ. ವಿಜಯನಗರದ ಅಚ್ಯುತರಾಯನ ನಾಣ್ಯದ ಮೇಲಿತ್ತು, ಮೈಸೂರು ಒಡೆಯರ ಲಾಂಛನವಾಯ್ತು, ಇವತ್ತು ಕರ್ನಾಟಕ ಸರ್ಕಾರದ್ದು. ಅಂದ್ರೆ ನಮ್ಮೆಲ್ಲರದ್ದು.

ಇನ್ನು ಗಣಿಯೊಳಗೆ ಇಳಿದವರು? ಹೆಚ್ಚಿನವರು ತಮಿಳು, ತೆಲುಗು ಮನೆಗಳವರು. ತೆಲುಗರಲ್ಲಿ ಇಂಟಿಪೇರು ಇರುತ್ತೆ. ತಮಿಳರಲ್ಲಿ ಸಾಮಾನ್ಯವಾಗಿ ಅಪ್ಪನ ಹೆಸರಿನ ಒಂದಕ್ಷರ, ಇನಿಷಿಯಲ್, ಅಷ್ಟೇ. ತಾತನ ಹೆಸರು ಮೊಮ್ಮಗನ ಹೊತ್ತಿಗೆ ಕಾಗದದಿಂದಲೇ ಮಾಯ. ಪೇಟೆಗಳಿಗೆ ಸಾಹೇಬರ ಹೆಸರು ಉಳೀತು, ಚಿನ್ನ ತೆಗೆದವರದ್ದು ಉಳೀಲಿಲ್ಲ.

2001ರಲ್ಲಿ ಗಣಿ ಮುಚ್ತು. ಅಲ್ಲಿ ದುಡಿದವರಿಗೆಲ್ಲ ಈಗ ವಯಸ್ಸಾಗ್ತಿದೆ. ಮಗ್ ಆಮೇಲೆ ಕೊಳ್ಳಿ. ಮೊದಲು ಫೋನ್ ರೆಕಾರ್ಡರ್ ಆನ್ ಮಾಡಿ, ತಾತನ ಅಪ್ಪನ ಹೆಸರೇನು, ಯಾವ ಊರಿಂದ ಬಂದ್ರು, ಯಾವ ಶಾಫ್ಟಲ್ಲಿ ಇಳೀತಿದ್ರು ಅಂತ ಮನೆಯ ಹಿರಿಯರನ್ನ ಕೇಳಿ.