ಎಣ್ಣೆ ಎಂಬ ಮಾತು

ಬಯಲುಸೀಮೆಯ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ಬಂದದ್ದು ಶೇಂಗಾದಿಂದಲೇ ಆದರೂ, ಎಣ್ಣೆ ಎಂಬ ಪದದ ಒಳಗಿರುವುದು ಎಳ್ಳು. ‘ಎಳ್’ ಎಂಬುದಕ್ಕೆ ಜಿಡ್ಡು, ತುಪ್ಪ ಎಂಬ ಅರ್ಥದ ‘ನೆಯ್’ ಸೇರಿ ಹುಟ್ಟಿದ ಈ ಪದ, ಮೊದಲು ಎಳ್ಳಿನಿಂದ ಹಿಂಡಿದ ಜಿಡ್ಡನ್ನು ಹೇಳುತ್ತಿದ್ದು, ಬರಬರುತ್ತ ಯಾವ ಬೀಜದ ಜಿಡ್ಡಿಗಾದರೂ ಸಲ್ಲುವಂತಾಯಿತು. ಸಂಸ್ಕೃತದ ‘ತೈಲ’ವೂ ತಿಲದಿಂದ ಬಂದದ್ದೇ, ಆಂಧ್ರದ ಗಡಿಗೆ ಅಂಟಿಕೊಂಡ ಮೊಳಕಾಲ್ಮೂರಿನಲ್ಲಿ ತೆಲುಗು ಮನೆಮಾತಾಗಿರುವವರು ಆಡುವ ‘ನೂನೆ’ಯಲ್ಲಿಯೂ ಎಳ್ಳಿನ ತೆಲುಗು ಹೆಸರಾದ ‘ನುವ್ವು’ ಅಡಗಿದೆ. ಇಂಗ್ಲಿಷಿನ ‘ಆಯಿಲ್’ ಮಾತ್ರ ಲ್ಯಾಟಿನ್ನಿನ ‘ಓಲಿಯಂ’ ಹಾದು ಗ್ರೀಕರ ಆಲಿವ್ ಮರವನ್ನು ಮುಟ್ಟುತ್ತದೆ. ದಕ್ಷಿಣ ಅಮೆರಿಕದಿಂದ ಹೊರಟ ಶೇಂಗಾ ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಬೇರೂರಿದಾಗ, ಎಳ್ಳಿನ ಹೆಸರು ಅದರ ಎಣ್ಣೆಗೂ ತಾನಾಗಿಯೇ ಒದಗಿತು.

ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಸಿಗದ, ಒಟ್ಟಾಗಿ ಬಂದಾಗಲೇ ಬೇರೊಂದು ಅರ್ಥ ಕೊಡುವ ಮಾತಿನ ಕಟ್ಟನ್ನು ನುಡಿಗಟ್ಟು ಎನ್ನುತ್ತಾರೆ. ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂದರೆ ರೆಪ್ಪೆ ಮುಚ್ಚದ ಎಚ್ಚರ. ‘ಗಾಣದೆತ್ತು’ ಎಂದರೆ ಬಿಡುವಿಲ್ಲದ ದುಡಿಮೆಗೆ ಕಟ್ಟುಬಿದ್ದವನು. ಎತ್ತಿನ ಗಾಣಗಳನ್ನು ಗಿರಣಿಗಳು ಸರಿಸಿದವು, ಹೊರದೇಶದ ತಾಳೆಎಣ್ಣೆಯ ಪೈಪೋಟಿಯಲ್ಲಿ ಹಲವು ಗಿರಣಿಗಳೂ ಮುಚ್ಚಿದವು. ಗಾಣದೆತ್ತು ಮಾತ್ರ ಮಾತಿನಲ್ಲಿ ಸುತ್ತುತ್ತಲೇ ಇದೆ. ಇತ್ತೀಚೆಗೆ ಹುಡುಗರ ಬಾಯಲ್ಲಿ ಎಣ್ಣೆ ಎಂದರೆ ಮದ್ಯವೂ ಹೌದು.

ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ ಎಡವುವುದು ಬಿಡಿ ಪದಗಳನ್ನು ನೋಡಿ ಅರ್ಥ ಊಹಿಸುವಲ್ಲಿಯೇ. ಉರಿಯುವ ಬೆಂಕಿಗೆ ಎಣ್ಣೆ ಸುರಿಯುವುದೆಂದರೆ ಜಗಳ ಹೆಚ್ಚಿಸುವುದೆಂದು ಬಲ್ಲವನಿಗೆ, ‘ಪೋರ್ ಆಯಿಲ್ ಆನ್ ಟ್ರಬಲ್ಡ್ ವಾಟರ್ಸ್’ ಎಂಬಲ್ಲಿಯೂ ಎಣ್ಣೆ ಸುರಿಯುವುದು ಕಂಡು ಅದೇ ಅರ್ಥ ಹೊಳೆಯುವುದು ಸಹಜ; ಅದರ ಅರ್ಥವಾದರೋ ಜಗಳ ತಣಿಸುವುದು. ಎಣ್ಣೆ ಚೆಲ್ಲಿದರೆ ಅಲೆಗಳು ಶಾಂತವಾಗುತ್ತವೆ ಎಂಬುದು ಕಡಲ ಜನರ ಹಳೆಯ ಅನುಭವ, ರೋಮಿನ ಪ್ಲಿನಿ ಅದನ್ನು ಬರೆದಿಟ್ಟಿದ್ದಾನೆ, ಲಂಡನ್ನಿನ ಕ್ಲ್ಯಾಪಮ್ ಕೆರೆಯಲ್ಲಿ ಅದನ್ನು ಪರೀಕ್ಷಿಸಿ ನೋಡಿದ ಬೆಂಜಮಿನ್ ಫ್ರಾಂಕ್ಲಿನ್‌ನ ವರದಿ 1774ರಲ್ಲಿ ಪ್ರಕಟವಾಯಿತು. ಕಡಲು ಕಾಣದ ಬಯಲುಸೀಮೆಯಲ್ಲಿ ಎಣ್ಣೆಯ ನಂಟು ಒಲೆ, ದೀಪ, ತಲೆಗೂದಲುಗಳೊಡನೆ ಮಾತ್ರ.

ಕೂಡಿ ಬಾಳದವರನ್ನು ಇಂಗ್ಲಿಷ್ ‘ಎಣ್ಣೆ ನೀರು’ ಎಂದರೆ ಕನ್ನಡ ‘ಎಣ್ಣೆ ಸೀಗೆಕಾಯಿ’ ಎನ್ನುತ್ತದೆ. ಎಣ್ಣೆ ನೀರುಗಳು ಒಂದೇ ಪಾತ್ರೆಯಲ್ಲಿ ಬೇರೆಯಾಗಿ ನಿಂತಿರುತ್ತವೆ. ಸೀಗೆಕಾಯಿಯಾದರೋ ಎಣ್ಣೆಯನ್ನು ತೊಳೆದು ಹಾಕುವವರೆಗೆ ಬಿಡುವುದಿಲ್ಲ. ಹಗೆತನವನ್ನು ಹೇಳುವುದರಲ್ಲಿ ಕನ್ನಡದ ಮಾತೇ ಹೆಚ್ಚು ತೀಕ್ಷ್ಣವೆಂದು ಧಾರಾಳವಾಗಿ ಹೇಳಬಹುದು. ಎಣ್ಣೆ ಸ್ನಾನ ಅಪರೂಪವಾದ ಮನೆಗಳಲ್ಲಿ ಮಕ್ಕಳಿಗೆ ಈ ಕನ್ನಡದ ಮಾತೂ ಇಂಗ್ಲಿಷಿನಷ್ಟೇ ಅಪರಿಚಿತವಾಗುತ್ತಿದೆ. ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಇಂಗ್ಲಿಷ್ ನುಡಿಗಟ್ಟು ಕಲಿಸುವ ಶಿಕ್ಷಕರು, ಮನೆಯ ಹಿರಿಯರು ಎಣ್ಣೆಯ ಬಗ್ಗೆ ಆಡುವ ಮಾತುಗಳನ್ನು ಮಕ್ಕಳಿಂದ ಮೊದಲು ಬರೆಸಲಿ, ಪಟ್ಟಿಯನ್ನು ಆಮೇಲೆ ತೆರೆಯಲಿ.