ರಥದ ನೆಂಟ ಐರ್ಲೆಂಡಿನಲ್ಲಿದ್ದಾನೆ!

ಐರಿಷ್ ಗೇಲಿಕ್‌ನಲ್ಲಿ ಗಾಲಿಗೆ ‘ರೊಥ್’ ಅಂತಾರೆ. ಬರೆಯೋದು ಹಾಗೆ, ಈಗ ಉಚ್ಚರಿಸೋದು ಹೆಚ್ಚುಕಡಿಮೆ ‘ರೊಹ್’ ಅಂತ. ಕೇಳಿದ ತಕ್ಷಣ ನಮಗೆ ‘ರಥ’ ನೆನಪಾಗುತ್ತೆ, ಅಲ್ವಾ? ಆ ನೆನಪು ಸುಳ್ಳಲ್ಲ. ಲ್ಯಾಟಿನ್ನಿನ ‘ರೋಟ’, ಜರ್ಮನ್ನಿನ ‘ರಾಡ್’, ಲಿಥುವೇನಿಯದ ‘ರಾತಸ್’, ನಮಗೆ ಸಂಸ್ಕೃತದಿಂದ ಬಂದ ‘ರಥ’ ಎಲ್ಲ ಒಂದೇ ಮನೆತನ. ಮೂಲ ಧಾತುವಿನ ಅರ್ಥ ಓಡು, ಉರುಳು. ಐರಿಷ್‌ನಲ್ಲಿ ಓಡೋದಕ್ಕೆ ಇವತ್ತಿಗೂ ‘ರಿಥ್’. ಅಂದರೆ ಗಾಲಿ ಅಂದ್ರೆ ‘ಓಡುವಂಥದ್ದು’. ಸಂಸ್ಕೃತದಲ್ಲಿ ಆ ಹೆಸರು ಇಡೀ ಬಂಡಿಗೇ ಅಂಟಿಕೊಂಡಿತು.

ಇಷ್ಟಕ್ಕೇ ‘ನೋಡಿದ್ರಾ, ಐರಿಷ್ ಹುಟ್ಟಿದ್ದೇ ಸಂಸ್ಕೃತದಿಂದ’ ಅನ್ನೋರಿದ್ದಾರೆ. ಹಾಗಲ್ಲ. ಇವು ಅಕ್ಕತಂಗಿಯರು, ತಾಯಿಮಗಳಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಕೆಲ್ಟಿಕ್ ಭಾಷೆಗಳೂ ಸಂಸ್ಕೃತದ ಮೂಲದವೇ ಇರಬಹುದು ಅಂದಾಗ ಹೇಳಿದ್ದು ಒಂದು ಸಮಾನ ಮೂಲದ ಬಗ್ಗೆ. ಇನ್ನೊಂದು ತಮಾಷೆ: ‘ರೊಥ್’ನ ಥಕಾರವೂ ‘ರಥ’ದ ಥಕಾರವೂ ಬೇರೆಬೇರೆ ದಾರಿಯಲ್ಲಿ ಬಂದವು. ಐರಿಷ್‌ನಲ್ಲಿ ಎರಡು ಸ್ವರಗಳ ನಡುವಿನ ‘ತ’ ಮೆತ್ತಗಾಗಿ ಹಾಗಾಯ್ತು. ಕಿವಿಗೆ ಒಂದೇ ಥರ ಕೇಳಿದ್ದಕ್ಕಲ್ಲ, ಬದಲಾವಣೆಗೆ ನಿಯಮ ಇರೋದಕ್ಕೆ ಇವು ನೆಂಟರು.

ಈ ಗಾಲಿ ಅಲ್ಲಿನ ಪುರಾಣದಲ್ಲೂ ಉರುಳಿದೆ. ಮುಗ್ ರುಥ್ ಅನ್ನೋ ಕುರುಡ ಮಾಂತ್ರಿಕನ ಹೆಸರಿಗೆ ‘ಚಕ್ರದ ದಾಸ’ ಅಂತ ಅರ್ಥ. ಅವನ ಹತ್ತಿರ ‘ರೊಥ್ ರಾಮಖ್’, ಅಂದರೆ ಹುಟ್ಟು ಹಾಕುವ ಚಕ್ರ ಅನ್ನೋ ಹಾರುವ ಯಂತ್ರ ಇತ್ತಂತೆ. ಕ್ರೈಸ್ತಧರ್ಮ ಬಂದಮೇಲೆ ಸಂತ ಜಾನನ ತಲೆ ಕಡಿದವನೂ ಇವನೇ ಅಂತ ಕಥೆ ಬೆಳೆಯಿತು. ಅದರ ಪಾಪ ಇಡೀ ಐರ್ಲೆಂಡಿಗೆ ತಟ್ಟುತ್ತೆ ಅನ್ನೋ ಭವಿಷ್ಯವಾಣಿಯೂ ಹುಟ್ಟಿತು. 1096ರಲ್ಲಿ ಜಾನನ ಹಬ್ಬ ಶುಕ್ರವಾರ ಬಂದಾಗ ಜನ ಹೆದರಿ ಉಪವಾಸ, ದಾನ ಮಾಡಿದರು ಅಂತ ಅಲ್ಲಿನ ವೃತ್ತಾಂತಗಳಲ್ಲಿದೆ.

ಸ್ಕಾಟಿಷ್ ಗೇಲಿಕ್‌ನಲ್ಲಿ ‘ರೊಥ್’ ಜೊತೆ ‘ಕೂಯ್ಲ’ ಅಂತ ಇನ್ನೊಂದು ಪದವಿದೆ. ಅದು ಇಂಗ್ಲಿಷಿನ ‘ವೀಲ್’ನಿಂದ ತಂದ ಸಾಲ. ‘ವೀಲ್’, ಗ್ರೀಕಿನ ‘ಕೂಕ್ಲೊಸ್’, ಸಂಸ್ಕೃತದ ‘ಚಕ್ರ’ ಮತ್ತೊಂದು ಮನೆತನ. ‘ಸೈಕಲ್’ ಕೂಡ ಅದೇ ಗ್ರೀಕ್ ಪದದಿಂದ ಬಂದದ್ದು. ಹಾಗಾಗಿ ನಾವು ತುಳಿಯೋ ಸೈಕಲ್ಲು ಚಕ್ರದ ನೆಂಟ!

ಐರಿಷರ ಸೈಕಲ್ಲು? ಅದು ‘ರೊಥರ್’, ಹಳೇ ರೊಥ್‌ನಿಂದ ಮಾಡಿಕೊಂಡದ್ದು. ಅಂದರೆ ಅದು ರಥದ ನೆಂಟ. ಮೋಟಾರ್‌ಬೈಕು ‘ಗ್ಲೂಷ್‌ರೊಥರ್’. ಇನ್ನು ‘ಕಾರು’ ಪದದ ಬೇರು ಹುಡುಕಿಕೊಂಡು ಹೋದರೆ ಸಿಗೋದು ಲ್ಯಾಟಿನ್ನಿನ ‘ಕರ್ರುಸ್’. ಅದನ್ನ ರೋಮನ್ನರು ತಂದದ್ದು ಗಾಲ್ ದೇಶದ ಕೆಲ್ಟರಿಂದ. ಜಗತ್ತಿಗೇ ಕಾರು ಕೊಟ್ಟ ಭಾಷೆಗಳ ಗತಿ ಈಗೇನು? ಐರ್ಲೆಂಡಿನ 2022ರ ಜನಗಣತಿಯಲ್ಲಿ ಐರಿಷ್ ಬರುತ್ತೆ ಅಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನಾ ಮಾತಾಡ್ತೀವಿ ಅಂದವರು 72 ಸಾವಿರಕ್ಕೂ ಕಡಿಮೆ.

ನಮ್ಮಲ್ಲಿ ಸೈಕಲ್ ಅನ್ನಬೇಕಾ, ದ್ವಿಚಕ್ರವಾಹನ ಅನ್ನಬೇಕಾ, ಅಚ್ಚಗನ್ನಡದ ಹೊಸ ಪದ ಕಟ್ಟಬೇಕಾ ಅಂತ ಜಗಳ ಮುಗಿಯೋದೇ ಇಲ್ಲ. ಕನ್ನಡದ ಕುಟುಂಬವೇ ಬೇರೆ. ರಥ, ಚಕ್ರ ನಮ್ಮಲ್ಲಿಗೆ ಬಂದ ನೆಂಟರು, ತೇರು ಮನೆಯದು. ಮೂರೂ ನಮ್ಮಲ್ಲಿ ಹಾಯಾಗಿವೆ. ಐರಿಷ್‌ನವರು ಸೈಕಲ್ಲಿಗೆ ಅಚ್ಚುಕಟ್ಟಾದ ಸ್ವಂತ ಪದವನ್ನೇ ಕಟ್ಟಿಕೊಂಡರು. ಆದರೆ ಸಂತೆಯಲ್ಲಿ, ಮನೆಯಲ್ಲಿ ಅದನ್ನ ಆಡೋರು ಕಡಿಮೆಯಾದರು. ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ, ಮಕ್ಕಳು ಸೈಕಲ್ಲು ಕಲಿಯುವಾಗ ಬಿದ್ದರೆ ಯಾವ ಭಾಷೆಯಲ್ಲಿ ಅಮ್ಮನ್ನ ಕೂಗ್ತಾರೆ ಅನ್ನೋದು ದೊಡ್ಡದು ಅನ್ಸುತ್ತೆ ನನಗೆ. ನೀವೇನಂತೀರಿ?